ಚಸ್ಮಾ ಹಾಕಿದ ಮದುಮಗಳಿಗೆ ಪೋಸು ಹುಡುಕಿದ ಎರಡು ತಿಂಗಳು

ಮದುವೆಯಾಗಿ 26 ದಿನ ಆಯಿತು. ನಿನ್ನೆ ಸಂಜೆ ಫೋಟೋಗಳ ಪೆನ್‌ಡ್ರೈವ್ ಕೈಗೆ ಬಂತು. ರಾತ್ರಿ 1 ಗಂಟೆವರೆಗೆ ಕೂತು ಒಂದೊಂದೇ ನೋಡಿದೆ. ಎಲ್ಲದರಲ್ಲೂ ಚಸ್ಮಾ ಇದೆ, ಎಲ್ಲದರಲ್ಲೂ ನನ್ನ ಕಣ್ಣು ಕಾಣುತ್ತವೆ. ಇಷ್ಟಕ್ಕಾಗಿ ಎರಡು ತಿಂಗಳು ಒದ್ದಾಡಿದ್ದೇನೆ.

ಕಾರ್ತಿಕದಲ್ಲಿ ಚಿಗವ್ವನ ಮಗಳ ಮದುವೆ ಇದೆ. ಅವಳದೂ ದಪ್ಪ ಚಸ್ಮಾ. "ಅಕ್ಕಾ, ನೀ ಏನೇನ್ ಮಾಡಿದಿ ಎಲ್ಲಾ ಬರದು ಕಳಸು" ಅಂದಳು. ಅವಳಿಗೆ ಅಂತ ಶುರು ಮಾಡಿದ್ದು. ಬೇರೆ ಹುಡುಗಿಯರಿಗೂ ಬೇಕಾದೀತು ಅನ್ನಿಸಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ಬೀದರಿನವಳು. ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಆರನೇ ಕ್ಲಾಸಿನಿಂದ ಚಸ್ಮಾ ಇದೆ, ಈಗ ಎರಡೂ ಕಣ್ಣಿಗೆ ಮೈನಸ್ 7. ತೆಗೆದರೆ ಎದುರಿಗೆ ಯಾರೋ ಕೂತಿದ್ದಾರೆ ಅಂತ ಗೊತ್ತಾಗುತ್ತದೆ, ಅವರು ನಗುತ್ತಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ.

ಮಾರ್ಚ್ ಮೊದಲ ವಾರ ಮದುವೆ ದಿನ ಗೊತ್ತಾಯಿತು. ಮೇ ತಿಂಗಳ ಮುಹೂರ್ತ. ಅವತ್ತು ರಾತ್ರಿಯೇ ಫೋನ್ ಹಿಡಿದು ಪೋಸು ಹುಡುಕಲು ಕೂತೆ. ಪಿನ್‌ಟ್ರೆಸ್ಟ್, ಇನ್‌ಸ್ಟಾಗ್ರಾಮ್ ಎಲ್ಲಾ ಜಾಲಾಡಿ ಹತ್ತು ದಿನದಲ್ಲಿ 180 ಚಿತ್ರ ಸೇವ್ ಮಾಡಿದೆ. ಒಂದು ದಿನ ಅವನ್ನೆಲ್ಲ ಒಟ್ಟಿಗೆ ನೋಡಿದಾಗ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಮುಕ್ಕಾಲು ಪಾಲು ಲೆಹೆಂಗಾ. ಗಿರ್ರನೆ ತಿರುಗಿ ಘೇರು ಹರಡುವುದು, ತಲೆ ಮೇಲಿನ ದುಪಟ್ಟಾ ಹಿಡಿದು ಅದರ ಹಿಂದಿನಿಂದ ನೋಡುವುದು. ನಾನು ಉಡುವುದು ಇಳಕಲ್ ಸೀರೆ. ಅದು ಗಿರ್ರನೆ ತಿರುಗುವ ಬಟ್ಟೆ ಅಲ್ಲ. ಅದರ ಚೆಂದ ಇರುವುದು ಟೋಪ ತೆನಿ ಸೆರಗಿನಲ್ಲಿ, ಅಂದರೆ ಕೆಂಪು ಸೆರಗಿನ ಮೇಲಿನ ಬಿಳಿ ಗೋಪುರದಂಥ ವಿನ್ಯಾಸದಲ್ಲಿ. ಸೆರಗು ಭುಜದಿಂದ ಕೆಳಗೆ ಚೊಕ್ಕ ಬಿದ್ದರೆ ಮಾತ್ರ ಕಾಣುತ್ತದೆ. ಇನ್ನು 180 ಚಿತ್ರಗಳಲ್ಲಿ ಚಸ್ಮಾ ಹಾಕಿದ ಮದುಮಗಳು ಎಷ್ಟು ಜನ ಗೊತ್ತಾ? ಮೂವರು.

ಮಾರ್ಚ್ ಕೊನೆಯಲ್ಲಿ ಕಲಬುರಗಿಯ ಒಂದು ಸ್ಟುಡಿಯೋಗೆ ಹೋದೆವು. 2,000 ರೂಪಾಯಿ ಮುಂಗಡ ಕೊಟ್ಟರೆ ಒಂದು ಟ್ರಯಲ್ ತೆಗೆಯುತ್ತೇವೆ ಅಂದಿದ್ದರು. ದೊಡ್ಡ ಲೈಟನ್ನು ಸೀದಾ ಮುಖದ ಎದುರಿಗೆ ಇಟ್ಟರು. ಫೋಟೋದಲ್ಲಿ ನನ್ನ ಕಣ್ಣಿರುವ ಜಾಗದಲ್ಲಿ ಎರಡು ಬಿಳಿ ಚೌಕ. "ಮ್ಯಾಡಮ್, ಚಸ್ಮಾ ತಗೀರಿ, ಛಲೋ ಕಾಣ್ತೀರಿ" ಅಂದರು. ತೆಗೆದೆ. "ನನ್ನ ಬೆರಳು ನೋಡ್ರಿ" ಅಂದರು. ಬೆರಳೇ ಕಾಣುತ್ತಿರಲಿಲ್ಲ. ಫೋಟೋದಲ್ಲಿ ನನ್ನ ಹುಬ್ಬು ಗಂಟಾಗಿದ್ದವು, ಕಣ್ಣು ಎಲ್ಲೋ ಇದ್ದವು. ಮೂಗಿನ ಮೇಲೆ ಎರಡು ಕೆಂಪು ಕಲೆ. ಅವ್ವ ಅದನ್ನು ನೋಡಿ ಏನೂ ಅನ್ನಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಮುಂಗಡ ವಾಪಸ್ ಬರಲಿಲ್ಲ. ಹೋಗಲಿ ಅಂತ ಬಿಟ್ಟೆ.

ಆಮೇಲೆ ಕಾಂಟ್ಯಾಕ್ಟ್ ಲೆನ್ಸ್. ಕಣ್ಣಿನ ಡಾಕ್ಟರನ್ನು ಕೇಳಿಯೇ ಹಾಕಿಕೊಂಡೆ. ಮೇಕಪ್ಪಿಗೆ ಮುಂಚೆ ಲೆನ್ಸ್ ಹಾಕಬೇಕು, ಮೇಕಪ್ ತೆಗೆಯುವ ಮುಂಚೆ ಲೆನ್ಸ್ ತೆಗೆಯಬೇಕು, ಹಾಕಿಕೊಂಡು ಮಲಗಬಾರದು ಅಂತ ಸರಿಯಾಗಿ ಹೇಳಿಕೊಟ್ಟರು. ಹೊಂದುವವರಿಗೆ ಅದು ಒಳ್ಳೆಯ ದಾರಿ. ನನಗೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಎರಡು ತಾಸಿಗೇ ಕಣ್ಣು ಒಣಗಿ ಉರಿ ಹತ್ತುತ್ತಿತ್ತು. ಎರಡು ವಾರ ನೋಡಿ ಬಿಟ್ಟೆ. ನೀವು ಪ್ರಯತ್ನ ಮಾಡುವುದಾದರೆ ಮದುವೆಗೆ ಎರಡು ತಿಂಗಳು ಇರುವಾಗಲೇ ಶುರು ಮಾಡಿ, ಮದುವೆ ವಾರದಲ್ಲಿ ಬೇಡ.

ಗಾಜಿಲ್ಲದ ಬರೀ ಫ್ರೇಮ್ ಹಾಕಿಕೊಂಡು ತೆಗೆಸು ಅಂತಲೂ ಒಬ್ಬರು ಹೇಳಿದರು. ಅದನ್ನೂ ಮಾಡಿ ನೋಡಿದೆ. ಹೊಳಪೇನೋ ಹೋಗುತ್ತದೆ. ಆದರೆ ಗಾಜಿಲ್ಲದಿದ್ದರೆ ನನಗೆ ಮತ್ತೆ ಕಣ್ಣು ಕಾಣುವುದಿಲ್ಲ, ಅದೇ ದಿಕ್ಕು ತಪ್ಪಿದ ನೋಟ. ಕಡಿಮೆ ನಂಬರ್ ಇರುವವರಿಗೆ ಇದು ನಡೆಯುತ್ತದೆ.

ಇಲ್ಲಿಂದ ನನ್ನ ದಾರಿ ತಿರುಗಿತು. ಅದಕ್ಕೆ ಕಾರಣ ಹುಮನಾಬಾದಿನ ನಮ್ಮ ಸೋದರತ್ತೆ. ಲಗ್ನದ ಮಾತುಕತೆಗೆ ಅಂತ ಭಾನುವಾರ ಅವರ ಮನೆಗೆ ಹೋಗಿದ್ದೆವು. ನಾನು ಮೂಲೆಯಲ್ಲಿ ಕೂತು ಮತ್ತೆ ಅವೇ ಚಿತ್ರ ನೋಡುತ್ತಿದ್ದೆ. "ಏನ್ ನೋಡ್ಲತ್ತಿ ಅಷ್ಟೊತ್ತಿನಿಂದ?" ಅಂದರು. ತೋರಿಸಿದೆ. ನಾಲ್ಕು ಚಿತ್ರ ನೋಡಿದವರೇ "ನಿಲ್ಲೂದು ಹ್ಯಾಂಗಂತ ಇವ್ರಿಗ್ಯಾಕ ಕೇಳ್ತಿ? ನಡಿ ಜಲಸಂಗ್ವಿಗಿ" ಅಂದರು.

ಜಲಸಂಗ್ವಿ ಹುಮನಾಬಾದ್ ತಾಲೂಕಿನ ಊರು. ಕಲ್ಯಾಣ ಚಾಲುಕ್ಯರ ಕಾಲದ ಗುಡಿ ಇದೆ. ಹೊರಗೋಡೆಯ ಸುತ್ತ ಮದನಿಕೆಯರು. ನಮ್ಮ ಜಿಲ್ಲೆಯಲ್ಲೇ ಹುಟ್ಟಿ ಬೆಳೆದು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಸಂಜೆ ಬಿಸಿಲು ಅಡ್ಡಕ್ಕೆ ಬೀಳುತ್ತಿತ್ತು. ಒಂದೊಂದೇ ಮೂರ್ತಿಯ ಮುಂದೆ ಅವಳ ಹಾಗೇ ನಿಂತು ನೋಡಿದೆ. ಯಾರೂ ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತಿಲ್ಲ. ಭಾರ ಒಂದು ಕಾಲಿನ ಮೇಲೆ, ಇನ್ನೊಂದು ಮೊಣಕಾಲು ಸಡಿಲ. ಸೊಂಟ ಒಂದು ಕಡೆ ಸರಿದರೆ ಭುಜ ಇನ್ನೊಂದು ಕಡೆ. ಕೈ ಮೈಗೆ ಅಂಟಿಲ್ಲ, ನಡುವೆ ಸಂದು ಇದೆ. ಆಮೇಲೆ ಯಾವ ಫೋಟೋಗ್ರಾಫರ್ ಹೇಳಿದ್ದೂ ಇದನ್ನೇ. ಹಾಗೆ ನಿಂತಾಗ ಸೀರೆಯ ನಿರಿಗೆ ತಾನಾಗಿ ಬೀಳುತ್ತವೆ, ತೋಳು ದಪ್ಪ ಕಾಣುವುದಿಲ್ಲ.

ಅಲ್ಲಿ ಒಬ್ಬಳು ಶಾಸನ ಬರೆಯುವವಳಿದ್ದಾಳೆ. ಮೈ ತಿರುಗಿಸಿ, ಕೈ ಎತ್ತಿ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಆ ಅಕ್ಷರಗಳು ಈಗಲೂ ಇವೆ. ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಬರಹ ಅದು. ಅವನು ಆಳಿದ್ದು 1076ರಿಂದ 1126ರವರೆಗೆ. ಒಡವೆ ಹಾಕಿದ್ದಾಳೆ, ಆದರೆ ಅವಳ ಗಮನವೆಲ್ಲ ಬರೆಯುವ ಕೈ ಮೇಲಿದೆ. ನಾನು ತುಂಬಾ ಹೊತ್ತು ಅಲ್ಲೇ ನಿಂತೆ. ದಿನಾ ಎಂಟು ತಾಸು ಬರೆಯುವವಳು ನಾನು. ಬರೆಯುವಾಗ ಚಸ್ಮಾ ಇರುವುದು ನನ್ನ ಮುಖದ ಮೇಲೆ ಎಷ್ಟು ಸಹಜ! ಅದನ್ನು ಮುಚ್ಚಿಡಲು ಪೋಸು ಹುಡುಕುತ್ತಿದ್ದೆ, ಅದು ಬೇಕೇ ಬೇಕು ಅನ್ನುವಂಥ ಪೋಸು ಹುಡುಕಿರಲಿಲ್ಲ.

ಮನೆಗೆ ಬಂದು ಒಂದು ಹಾಳೆ ತಗೊಂಡೆ. ಎಡಗಡೆ ಒಡವೆಗಳ ಹೆಸರು ಬರೆದೆ: ಬೋರಮಾಳ, ವಂಕಿ, ಜುಮಕಿ, ಡಾಬು, ಹಸಿರು ಬಳೆ. ಬಲಗಡೆ, ಮದುವೆ ಮನೆಯಲ್ಲಿ ನಾನು ನಿಜವಾಗಿ ಮಾಡುವ ಕೆಲಸ: ಲಗ್ನಪತ್ರಿಕೆ ಮೇಲೆ ಹೆಸರು ಬರೆಯುವುದು, ಬಳೆ ಇಡಿಸಿಕೊಳ್ಳುವುದು, ಜುಮಕಿಯ ತಿರುಪು ಹಾಕುವುದು, ಹೊಸ್ತಿಲ ಹತ್ತಿರ ದೀಪ ಇಡುವುದು, ಆಯಿಯ (ನಮ್ಮ ಅಜ್ಜಿಯ) ಕೈಯಿಂದ ತಲೆಗೆ ಹೂ ಮುಡಿಸಿಕೊಳ್ಳುವುದು. ಎರಡನ್ನೂ ಗೆರೆ ಎಳೆದು ಜೋಡಿಸಿದೆ. ಜುಮಕಿ ಕಾಣಬೇಕಾದರೆ ತಿರುಪು ಹಾಕುವ ಪೋಸು, ಬಳೆ ಕಾಣಬೇಕಾದರೆ ಬರೆಯುವ ಪೋಸು. 180ರಲ್ಲಿ 14 ಉಳಿದವು. ಪ್ರತಿಯೊಂದಕ್ಕೂ ಕಡ್ಡಿ ಗೊಂಬೆ ಬರೆದು ಚೀಟಿ ಮಾಡಿದೆ. ಇದನ್ನು ನೀವೂ ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ. ಫೋನಿನಲ್ಲಿರುವ ಚಿತ್ರ ಆ ಹೊತ್ತಿಗೆ ತೆಗೆದು ನೋಡಲು ಆಗುವುದಿಲ್ಲ. ಕೈಗೆ ಮೆಹಂದಿ, ಬಳೆ, ಬೆವರು ಎಲ್ಲಾ ಇರುತ್ತವೆ. ಚೀಟಿ ತಂಗಿಯ ಕೈಯಲ್ಲಿದ್ದರೆ ಸಾಕು.

ಪೋಸು ಸಿಕ್ಕರೂ ಚಸ್ಮಾದ ಹೊಳಪು ಉಳಿದಿತ್ತಲ್ಲ, ಅದಕ್ಕೆ ಹೊಸ ಗಾಜು ಹಾಕಿಸಿದೆ. ಅಂಗಡಿಯಲ್ಲಿ ಹೀಗೆ ಕೇಳಿ: ಆಂಟಿ ರಿಫ್ಲೆಕ್ಷನ್ ಕೋಟಿಂಗ್ (ಹೊಳಪು ತಡೆಯುವ ಲೇಪ) ಬೇಕು. ಬ್ಲೂ ಕಟ್, ಅಂದರೆ ನೀಲಿ ಬೆಳಕು ತಡೆಯುವ ಗಾಜು ಬೇಡ, ಫೋಟೋದಲ್ಲಿ ನೀಲಿ ಹೊಳಪು ಬರುತ್ತದೆ. ಬಿಸಿಲಿಗೆ ಕಪ್ಪಾಗುವ ಗಾಜಂತೂ ಬೇಡವೇ ಬೇಡ. ಹೊರಗೆ ನಿಂತ ಕೂಡಲೇ ಮದುಮಗಳ ಕಣ್ಣು ಮಾಯ. ನಂಬರ್ ಜಾಸ್ತಿ ಇದ್ದರೆ ತೆಳು ಗಾಜು ತಗೊಳ್ಳಿ. ಹುಬ್ಬು ಮುಚ್ಚದ ಸಣ್ಣ ತಂತಿಯ ಫ್ರೇಮ್ ಆರಿಸಿ. ನನ್ನ ಗಾಜು ಹೈದರಾಬಾದಿನಿಂದ ಬರಬೇಕಿತ್ತು, 9 ದಿನ ಹಿಡಿಯಿತು.

ಇಷ್ಟಾದ ಮೇಲೆ ಆಯಿ ಒಂದು ಮಾತು ಹೇಳಿದರು. ಮದುವೆಗೆ ಮುಂಚೆ ಮದುಮಗಳ ಫೋಟೋ ತೆಗೆಸುತ್ತೇವೆ ಅಂದಾಗ ಅವರ ಮುಖ ಬದಲಾಯಿತು. "ಅಕ್ಕಿಕಾಳು ಬೀಳೂತನ ಲಗ್ನದ ಸೀರಿ ಉಡಬಾರ್ದು, ದಂಡಿ ಕಟ್ಟಬಾರ್ದು. ಕಾಲುಂಗುರದ ಮಾತಂತೂ ಬ್ಯಾಡ." ಅಕ್ಕಿಕಾಳು ಅಂದರೆ ಅಕ್ಷತೆ, ದಂಡಿ ಅಂದರೆ ಹಣೆಗೆ ಕಟ್ಟುವ ಬಾಸಿಂಗ. ನಾನು ವಾದ ಮಾಡಲಿಲ್ಲ. ಆಯಿಗೆ ನೋವು ಮಾಡಿ ತೆಗೆಸಿದ ಫೋಟೋ ನನಗೂ ಬೇಡ. ಎರಡು ದಿನ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಮೂರನೇ ದಿನ ಅವ್ವ ಟ್ರಂಕಿನಿಂದ ತನ್ನ ಸೀರೆ ತೆಗೆದರು. 1993ರಲ್ಲಿ ಅವರ ಮದುವೆಗೆ ತಂದಿದ್ದು. ಹಸಿರು ಒಡಲು, ಕೆಂಪು ಸೆರಗು, ಮಡಿಕೆಯಲ್ಲಿ ನುಸಿಗುಳಿಗೆ ವಾಸನೆ. "ಇದು ಉಟ್ಕೋ. ಇದು ಹೊಸಾದಲ್ಲ, ಆಯಿ ಏನೂ ಅನ್ನಂಗಿಲ್ಲ." ಆಯಿ ಸೀರೆ ಮುಟ್ಟಿ ನೋಡಿ ಸುಮ್ಮನಾದರು. ಹಾಗಾಗಿ ನಮ್ಮ ಫೋಟೋ ಮೂರು ಭಾಗ ಆದವು. ಮೊದಲು ಅವ್ವನ ಸೀರೆಯಲ್ಲಿ ಅರ್ಧ ದಿನ, ಆಮೇಲೆ ಬಳೆ ಇಡಿಸುವ ದಿನ, ಕೊನೆಗೆ ಮದುವೆ ದಿನ 20 ನಿಮಿಷ. ಮನೆಯ ಹಿರಿಯರನ್ನು ಮೊದಲೇ ಕೇಳಿಕೊಂಡರೆ ಈ ತಳಮಳ ಇರುವುದಿಲ್ಲ.

ಜಾಗದ ವಿಷಯದಲ್ಲೂ ಹೀಗೇ ಆಯಿತು. ನನಗೆ ಅಷ್ಟೂರಿನ ಗುಮ್ಮಟಗಳ ಮುಂದೆ ನಿಲ್ಲುವ ಆಸೆ. ಅಪ್ಪ ಬೇಡ ಅಂದರು. ಅಲ್ಲಿ ಸಮಾಧಿ ಇರುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯನ್ನು ನಮ್ಮ ಕಡೆ ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳುವವರಿದ್ದಾರೆ, ವರ್ಷಕ್ಕೊಮ್ಮೆ ಜಾತ್ರೆಯೂ ಆಗುತ್ತದೆ. "ಕೈ ಮುಗಿಯೂ ಜಾಗ ಅದ" ಅಂದರು. ಅದು ಸರಿ ಅನ್ನಿಸಿತು. ಕೋಟೆ, ಗುಮ್ಮಟ ಅಂತ ಯೋಚಿಸುವವರಿಗೆ ಇನ್ನೊಂದು ಮಾತು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್, ಲೈಟು ಹಚ್ಚಿ ಫೋಟೋ ತೆಗೆಯಲು ಮೊದಲೇ ಅನುಮತಿ ಬೇಕು. ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಸೀರೆ ಉಟ್ಟು ಬಾಗಿಲವರೆಗೆ ಹೋಗಿ ವಾಪಸ್ ಬರುವ ಬದಲು ಒಂದು ದಿನ ಮುಂಚೆ ಹೋಗಿ ಕೇಳಿಕೊಂಡು ಬನ್ನಿ.

ಕೊನೆಗೆ ನಾವು ಆರಿಸಿದ್ದು ಭಾಲ್ಕಿ ತಾಲೂಕಿನಲ್ಲಿರುವ ಸೋದರಮಾವನ ಮನೆ. ಹಳೇ ಮಾಳಿಗೆ ಮನೆ, ಸುಣ್ಣದ ಗೋಡೆ, ಮೇಲೆ ಬೆಳಕಿಂಡಿ. ಫೋಟೋ ತೆಗೆಯಲು ಬಂದವರು ನಮ್ಮ ಸಂಬಂಧಿಕರ ಮದುವೆಗಳನ್ನೆಲ್ಲ ತೆಗೆದ ಹಿರಿಯರು, ನಾವು ಕಾಕಾ ಅಂತೀವಿ. ಮೊದಲ ಸಲ ಮಾತಾಡಿದಾಗಲೇ ನಾನು "ಚಸ್ಮಾ ತೆಗೆಯುವುದಿಲ್ಲ" ಅಂದೆ. "ಯಾಕ ತಗೀಬೇಕವ್ವ?" ಅಂದರು. ಆ ಒಂದು ಮಾತಿಗೆ ಅವರನ್ನೇ ಗೊತ್ತು ಮಾಡಿದೆವು.

ಏಪ್ರಿಲ್ ಕೊನೆಯ ವಾರ, ಬೆಳಗಿನ ಜಾವ 4.30ಕ್ಕೆ ಬೀದರ್ ಬಿಟ್ಟೆವು. 6.30ರಿಂದ 9 ಗಂಟೆವರೆಗೆ ಕೆಲಸ. 9ರ ಮೇಲೆ ನಮ್ಮ ಬೇಸಿಗೆಯಲ್ಲಿ ಮೇಕಪ್ ನಿಲ್ಲುವುದಿಲ್ಲ, ಬಿಸಿಲು ನೆತ್ತಿಗೆ ಬಂದರೆ ಕಣ್ಣಿನ ಕೆಳಗೆ ಫ್ರೇಮಿನ ನೆರಳೂ ಬೀಳುತ್ತದೆ.

ಕಾಕಾ ಮಾಡಿದ ಮೊದಲ ಕೆಲಸ, ಚಸ್ಮಾದ ಕಡ್ಡಿಗಳನ್ನು ಕಿವಿಯ ಮೇಲೆ ಒಂದು ಅಕ್ಕಿಕಾಳಿನಷ್ಟು ಎತ್ತಿದ್ದು. ಆಗ ಗಾಜು ಸ್ವಲ್ಪ ಕೆಳಗೆ ಬಾಗುತ್ತದೆ, ಹೊಳಪು ಕ್ಯಾಮೆರಾ ಕಡೆ ಬರದೆ ನೆಲದ ಕಡೆ ಹೋಗುತ್ತದೆ. ಎಷ್ಟು ಸಣ್ಣ ಕೆಲಸ! ಗದ್ದ ಒಂದು ಬೆರಳು ಕೆಳಗೆ. ಬೆಳಕು ಎದುರಿನಿಂದ ಬೇಡ, ಪಕ್ಕದಿಂದ ಇಲ್ಲವೇ ಮೇಲಿನಿಂದ ಬರಲಿ. ಅವರು ಫ್ಲ್ಯಾಶ್ ತೆಗೆಯಲೇ ಇಲ್ಲ. ಬಾಗಿಲ ಬೆಳಕು, ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮಾಕೋಲ್ ಹಾಳೆ, ಅಷ್ಟೇ.

ಇನ್ನೊಂದು ಸಂಗತಿ ಅವರೇ ತೋರಿಸಿದ್ದು. ಮೈನಸ್ ನಂಬರ್ ಜಾಸ್ತಿ ಇದ್ದವರು ಮುಖವನ್ನು ಅರ್ಧ ಓರೆ ಮಾಡಿದರೆ ಗಾಜಿನ ಒಳಗೆ ಕೆನ್ನೆಯ ಅಂಚು ಒಳಕ್ಕೆ ಸರಿದ ಹಾಗೆ ಕಾಣುತ್ತದೆ. ಚಿತ್ರಗಳಲ್ಲಿ ಎಲ್ಲರೂ ಓರೆಯಾಗೇ ನಿಂತಿರುತ್ತಾರೆ ಅಲ್ವಾ? ನಮಗೆ ಅದು ಹೊಂದುವುದಿಲ್ಲ. ನೇರ ಮುಖ ಚೆನ್ನ. ಇಲ್ಲವೇ ಪೂರ್ತಿ ಪಕ್ಕಕ್ಕೆ ತಿರುಗಿ. ಮುಖ ನೇರ ಇಟ್ಟು ಮೈ ಮಾತ್ರ ಓರೆ ಮಾಡಿದರೂ ಬಹಳ ಚೆನ್ನ. ಮೈನಸ್ ಗಾಜು ಕಣ್ಣನ್ನು ಚಿಕ್ಕದಾಗಿಯೂ ತೋರಿಸುತ್ತದೆ, ಹಾಗಾಗಿ ಮೇಕಪ್ ಮಾಡುವವರಿಗೆ ಕಾಡಿಗೆ ಸ್ವಲ್ಪ ಜಾಸ್ತಿ ಎಳೆಯಲು ಹೇಳಿ.

ಕೈಗಳ ಬಗ್ಗೆ ನನಗೆ ಬಹಳ ಹೆದರಿಕೆ ಇತ್ತು. ಎಲ್ಲಿ ಇಟ್ಟರೂ ಮರದ ತುಂಡಿನಂತೆ ಅನ್ನಿಸುತ್ತಿದ್ದವು. ಮುಂಗೈಯ ಅಗಲ ತೋರಿಸಬೇಡ, ಕಿರುಬೆರಳಿನ ಅಂಚು ತೋರಿಸು ಅಂದರು ಕಾಕಾ. ಅದು ಅಭ್ಯಾಸಕ್ಕೆ ಬರಲು ಹತ್ತು ನಿಮಿಷ ಬೇಕಾಯಿತು. ಆದರೆ ಲಗ್ನಪತ್ರಿಕೆಯ ಚೀಟಿ ಬಂದಾಗ ಕೈಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಪಡಸಾಲೆಯಲ್ಲಿ ಬೆಳಕಿಂಡಿಯ ಕೆಳಗೆ ಕೂತೆ. ಮುಂದೆ ಮರದ ಮಣೆ, ಪಕ್ಕದಲ್ಲಿ ನಾಲ್ಕು ಮೂಲೆಗೂ ಅರಿಶಿಣ ಹಚ್ಚಿದ ಪತ್ರಿಕೆಗಳ ಕಟ್ಟು. ನಿಜವಾಗಿ ಹಂಚಬೇಕಾದ ಪತ್ರಿಕೆಗಳೇ ಅವು. ಮೇಲಿನಿಂದ ಬಂದ ಬೆಳಕು ಹಾಳೆಯ ಮೇಲೆ ಬಿದ್ದು ತಿರುಗಿ ನನ್ನ ಮುಖಕ್ಕೆ ಬರುತ್ತಿತ್ತು. ಹೆಸರು ಬರೆಯುತ್ತಾ ಹೋದೆ. ಎಂಟನೆಯದೋ ಒಂಬತ್ತನೆಯದೋ ಪತ್ರಿಕೆಗೆ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದ ಟೀಚರ್ ಹೆಸರು ಬಂತು. "ಶ್ರೀಮತಿ" ಅಂತ ಬರೆದು, ಅವರ ಮುಖ ನೆನಪಾಗಿ ಪೆನ್ನು ನಿಂತಿತು. ಕಾಕಾ ಆಗ ಕ್ಲಿಕ್ ಮಾಡಿದ್ದಾರೆ. ಗಾಜಿನಲ್ಲಿ ಒಂದು ಚೂರು ಹೊಳಪಿಲ್ಲ. ಪೆನ್ನಿನ ತುದಿ ಕಾಗದಕ್ಕೆ ತಾಗಿದೆ, ಅವ್ವನ ಸೆರಗು ಮಣೆಯ ಮೇಲೆ ಬಂದಿದೆ. 400ಕ್ಕೂ ಜಾಸ್ತಿ ಫೋಟೋಗಳಲ್ಲಿ ನನಗೆ ಇದೇ ಒಂದು ಸಾಕು ಅನ್ನಿಸುವಷ್ಟು ಇಷ್ಟ.

ಮದುವೆಗೆ ಎರಡು ದಿನ ಇರುವಾಗ ಬಳೆಗಾರರು ಮನೆಗೆ ಬಂದರು. ಅವರು ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿ, ಒಂದೊಂದೇ ಹಸಿರು ಬಳೆ ಏರಿಸಿದರು. ಇಲ್ಲಿ ಪೋಸೇ ಬೇಡ. ಫೋಟೋಗ್ರಾಫರ್ ಬಳೆಗಾರರ ಭುಜದ ಹಿಂದೆ ಕೂರಲಿ ಸಾಕು. ಮದುವೆ ಪ್ಯಾಕೇಜಿನಲ್ಲಿ ಬಳೆ ದಿನ ಸೇರಿರುವುದಿಲ್ಲ, ಕೇಳಿ ಸೇರಿಸಿಕೊಳ್ಳಿ.

ಮದುವೆ ದಿನದ 20 ನಿಮಿಷದಲ್ಲಿ 8 ಹೋಗಿಯೇ ಬಿಟ್ಟವು. ಕಲ್ಯಾಣ ಮಂಟಪದ ಕೋಣೆಗೆ ಹಸಿರು ಪರದೆ. ಬೆಳಕೆಲ್ಲ ಹಸಿರಾಗಿ ಮುಖಕ್ಕೆ ಬಡಿಯುತ್ತಿತ್ತು. ತಮ್ಮ ಕುರ್ಚಿ ಹತ್ತಿ ಪರದೆ ಕಳಚಿದ. ಇನ್ನೊಂದು ತೊಂದರೆ ದಂಡಿ. ಅದರ ದಾರ ಸರಿಯಾಗಿ ಚಸ್ಮಾದ ಕಡ್ಡಿಯ ಮೇಲೇ ಬಂದು ಕಿವಿಯ ಹಿಂದೆ ಒತ್ತುತ್ತದೆ. ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಮೊದಲು ಚಸ್ಮಾ ತೆಗೆದು ದಂಡಿ ಕಟ್ಟಿಸಿಕೊಳ್ಳಿ, ಆಮೇಲೆ ಕಡ್ಡಿಗಳನ್ನು ಮುಂದಿನಿಂದ ದಾರದ ಮೇಲೆ ಜಾರಿಸಿ. ಉಳಿದ 12 ನಿಮಿಷದಲ್ಲಿ ನಾಲ್ಕು ಚೀಟಿ ಮುಗಿದವು. ಕೊನೆಯದು, ಆಯಿ ನನ್ನ ತಲೆಗೆ ಮಲ್ಲಿಗೆ ಮುಡಿಸುವುದು. ಅವರ ಕೈ ನಡುಗುತ್ತಿತ್ತು. ಅದೂ ಫೋಟೋದಲ್ಲಿ ಬಂದಿದೆ.

ಫೋಟೋ ತಿದ್ದುವ ಹುಡುಗ ಕಳಿಸಿದ ಮೊದಲ ಹತ್ತು ಚಿತ್ರ ನೋಡಿ ಮಾತ್ರ ಬೇಜಾರಾಯಿತು. ನನ್ನ ಬಣ್ಣ ಹಿಟ್ಟು ಬಳಿದ ಹಾಗೆ ಬೆಳ್ಳಗಾಗಿತ್ತು. ಅವ್ವನ ಪಕ್ಕ ನಿಂತ ಫೋಟೋದಲ್ಲಿ ನಾನು ಅವ್ವನ ಮಗಳೇ ಅಲ್ಲ ಅನ್ನುವಂತಿತ್ತು. ಬಣ್ಣ ಮುಟ್ಟಬೇಡಿ, ಮೊಡವೆ ಇದ್ದರೆ ತೆಗೆಯಿರಿ, ಅಷ್ಟೇ ಸಾಕು ಅಂತ ಫೋನ್ ಮಾಡಿ ಹೇಳಿದೆ. ಮತ್ತೆ 12 ದಿನ ಕಾದೆ. ಎಷ್ಟು ಫೋಟೋ ತಿದ್ದಿ ಕೊಡುತ್ತಾರೆ, ಮೂಲ ಫೈಲುಗಳು ಸಿಗುತ್ತವಾ, ಎಷ್ಟು ದಿನ, ಬಣ್ಣ ಹೇಗಿರಬೇಕು, ಇವನ್ನೆಲ್ಲ ಮುಂಗಡದ ರಸೀದಿ ಹಿಂದೆಯೇ ಬರೆಸಿಕೊಳ್ಳಿ. ನಾನು ಮೊದಲ ಮೂರನ್ನು ಬರೆಸಿದ್ದೆ, ನಾಲ್ಕನೆಯದು ಹೊಳೆದಿರಲಿಲ್ಲ.

ಖರ್ಚು ಕೇಳುವವರಿಗೆ: ಕಾಕಾಗೆ ಮೂರು ದಿನದ್ದೂ ಸೇರಿ 11,000, ಚಸ್ಮಾ 6,400, ಮೇಕಪ್ 3,000, ಭಾಲ್ಕಿಗೆ ಗಾಡಿ 2,200, ದಂಡಿ ಮತ್ತು ಹೂ 700. ಸ್ಟುಡಿಯೋಗೆ ಹೋದ 2,000, ಕಾಂಟ್ಯಾಕ್ಟ್ ಲೆನ್ಸಿಗೆ ಹೋದ 1,900 ಸೇರಿಸಿದರೆ ಒಟ್ಟು 27,200 ರೂಪಾಯಿ. ಕೊನೆಯ ಎರಡು ನಿಮಗೆ ಉಳಿಯಬಹುದು.

ಪತ್ರಿಕೆ ಬರೆಯುವ ಫೋಟೋವನ್ನು 12 ಇಂಚು 18 ಇಂಚಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಲು ಕೊಟ್ಟಿದ್ದೇವೆ. ಅವ್ವನ 1993ರ ಫೋಟೋ ಪಕ್ಕದಲ್ಲಿ ತೂಗು ಹಾಕಬೇಕಂತೆ. ಆ ಗೋಡೆಗೆ ಎದುರಿನ ಕಿಟಕಿ ಬೆಳಕು ಬಡಿಯುತ್ತದೆ. ಫ್ರೇಮಿಗೆ ಗಾಜು ಬೇಡ, ಮ್ಯಾಟ್ ಪ್ರಿಂಟ್ ಇರಲಿ ಅಂತ ಹೇಳಿ ಬಂದಿದ್ದೇನೆ. ಬುಧವಾರ ಬರುತ್ತದೆ.